ಹಡಗು ನಿಂತಾಗ ಹೊರೆ ಯಾರ ತಲೆಯ ಮೇಲೆ?

(ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಾಮಗಾರರ ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ಹಡಗುಗಳ ಸಂಪಿನ ವಿಷಯವಾಗಿ ಮಾತನಾಡುತ್ತೇವೆಂದು ತಿಳಿಸಿದಾಗ ನಿಮ್ಮಲ್ಲಿ ಕೆಲವರು ನಕ್ಕರು. ವಿದ್ಯಾನಗರಕ್ಕೂ ಸಮುದ್ರಕ್ಕೂ ಏನು ಸಂಬಂಧ? ನಮ್ಮ ಪಾಲಿನ ಸಮುದ್ರವೆಂದರೆ ಉಣಕಲ್ ಕೆರೆಯೇ ಎಂದು ಒಬ್ಬ ಗೆಳೆಯರು ಅಂದರು. ನಗುವುದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಹಡಗು ನಿಂತುದರ ಪೆಟ್ಟು ಈ ಊರಿಗೆ ಒಮ್ಮೆ ಬಿದ್ದಿದೆ. ಅಲ್ಲಿಂದಲೇ ಪ್ರಾರಂಭಿಸೋಣ.

ಧಾರವಾಡ ಸೀಮೆಯ ಹತ್ತಿಗೆ ಹಿಂದೆ ಲಿವರ್‌ಪೂಲಿನ ಪೇಟೆಯಲ್ಲಿ ಏನು ಹೆಸರಿತ್ತು ಬಲ್ಲಿರಾ? ಕುಮಟಾ ಹತ್ತಿ. ಕುಮಟೆಯಲ್ಲಿ ಒಂದು ಬೊಂಡೆ ಹತ್ತಿಯೂ ಬೆಳೆಯುತ್ತಿರಲಿಲ್ಲ. ನಮ್ಮ ಎರೆಭೂಮಿಯ ಹತ್ತಿ ಎತ್ತಿನ ಮೇಲೆ, ಬಂಡಿಯ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗಿ, ಅಲ್ಲಿಂದ ಪತ್ತೆಮಾರಿಗಳಲ್ಲಿ ಮುಂಬಯಿಗೆ ಸಾಗುತ್ತಿತ್ತು. ಬೆಳೆದವನ ಊರಿನ ಹೆಸರು ಮರೆತುಹೋಯಿತು, ಸಾಗಿಸಿದ ಬಂದರಿನ ಹೆಸರು ಉಳಿಯಿತು. ಮಾಲನ್ನು ಬೆಳೆಯುವವನಿಗಿಂತ ಅದರ ದಾರಿಯನ್ನು ಹಿಡಿದವನು ದೊಡ್ಡವನೆಂಬ ಪಾಠ ಈ ಒಂದು ಹೆಸರಿನಲ್ಲಿಯೇ ಇದೆ.

1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ಹೊತ್ತಿತು. ಉತ್ತರದ ಸರಕಾರ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಗುಲಾಮರ ಕೈಯಿಂದ ಬೆಳೆಸಿದ ಅಲ್ಲಿಯ ಹತ್ತಿಯನ್ನು ತರುವ ಹಡಗುಗಳು ನಿಂತವು. ಬ್ರಿಟನ್ನೂ ಒಂದು ದ್ವೀಪವೇ. ಲ್ಯಾಂಕಶೈರಿನ ಗಿರಣಿಗಳ ಮಗ್ಗಗಳು ಸ್ತಬ್ಧವಾಗಿ ಲಕ್ಷಗಟ್ಟಲೆ ಕಾಮಗಾರರು ಬೀದಿಗೆ ಬಿದ್ದರು. ಆ ಹೊತ್ತಿಗೆ ನಮ್ಮ ಕಡೆ ಹತ್ತಿಯ ಧಾರಣೆ ಮುಗಿಲು ಮುಟ್ಟಿತು. ದಲಾಲರು ಹಣ ಎಣಿಸಿದರು. ರೈತ ಸಾಲ ಮಾಡಿ ಹತ್ತಿಯನ್ನೇ ಬಿತ್ತಿದ. 1865ರಲ್ಲಿ ಯುದ್ಧ ಮುಗಿಯಿತು, ಹಡಗು ಹೊರಟಿತು, ಧಾರಣೆ ಕುಸಿಯಿತು. ತೇಜಿಯ ಲಾಭ ಒಬ್ಬರ ಪೆಟ್ಟಿಗೆಗೆ, ಮಂದಿಯ ಸಾಲ ಇನ್ನೊಬ್ಬರ ಕೊರಳಿಗೆ. ಅಟ್ಲಾಂಟಿಕ್ ಸಾಗರದಲ್ಲಿ ಹಡಗು ನಿಂತುದಕ್ಕೆ ಧಾರವಾಡ ಜಿಲ್ಲೆಯ ಒಕ್ಕಲಿಗ ಲೆಕ್ಕ ಕೊಟ್ಟ.

ಆ ಹಸಿದ ಲ್ಯಾಂಕಶೈರಿನ ಗಿರಣಿಯವರು ಮಾಡಿದ್ದೇನು? 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನಲ್ಲಿ ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ತಾವು ಅಬ್ರಹಾಂ ಲಿಂಕನ್ನರ ಪಕ್ಷವೆಂದು ಪತ್ರ ಬರೆದರು. ಮುಂದಿನ ತಿಂಗಳು ಲಿಂಕನ್ನರು ಉತ್ತರ ಕೊಟ್ಟರು. ದಿಗ್ಬಂಧನ ತೆಗೆಸಿರಿ, ಹತ್ತಿ ತರಿಸಿರಿ ಎಂದು ಅವರನ್ನು ಎತ್ತಿಕಟ್ಟುವವರಿಗೇನೂ ಕಡಿಮೆಯಿರಲಿಲ್ಲ. ಆದರೆ ಅವರು ಹಡಗು ಬರಲಿಲ್ಲವೆಂದು ಗೋಳಾಡುವುದಕ್ಕೆ ಮೊದಲು, ಅದು ಏಕೆ ಬರಲಿಲ್ಲವೆಂಬುದನ್ನು ಕೇಳಿದರು. ಇಂದು ನಾವು ನಿಮ್ಮ ಮುಂದೆ ಇಡುವುದೂ ಅದೇ ಪ್ರಶ್ನೆಯನ್ನು. ಹಡಗು ಏಕೆ ನಿಂತಿತು, ಮತ್ತು ನಿಂತ ದಿವಸಗಳ ಖರ್ಚನ್ನು ಯಾರು ತೆತ್ತರು?

ಈಗ ನಮ್ಮ ಪಕ್ಕದ ದ್ವೀಪಗಳ ಕಡೆಗೆ ಬರೋಣ. ಮಂಗಳೂರಿನಿಂದ ಸಮುದ್ರದಲ್ಲಿ ಸುಮಾರು 300 ಕಿಲೋಮೀಟರು ಹೋದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ದ್ವೀಪಗಳಿವೆ. ಅಮಿನ್‌ದಿವಿ ದ್ವೀಪಗಳೆಂದು ಇವಕ್ಕೆ ಹೆಸರು. ಒಮ್ಮೆ ಇವು ಟಿಪ್ಪು ಸುಲ್ತಾನನ ಕೈಯಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಪಾಲಾಗಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರರ ಆಡಳಿತದಲ್ಲಿ ನಡೆದವು. 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ಆ ದಿವಸವೇ, ಈ ದ್ವೀಪಗಳು ದಕ್ಷಿಣ ಕನ್ನಡವನ್ನು ಬಿಟ್ಟು ಕೇಂದ್ರಾಡಳಿತ ಪ್ರದೇಶವನ್ನು ಸೇರಿದವು. 1973ರಲ್ಲಿ ಅದಕ್ಕೆ ಲಕ್ಷದ್ವೀಪವೆಂಬ ಹೆಸರಾಯಿತು.

ಲಕ್ಷದ್ವೀಪದ ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಜನ 64,473. ಅದೇ ಗಣತಿಯಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡದ ಜನ ಒಂಬತ್ತು ಲಕ್ಷದ ಮೇಲೆ. ಅಲ್ಲಿ ತೆಂಗು ಉಂಟು, ಮೀನು ಉಂಟು, ಭತ್ತ ಇಲ್ಲ. ಅನ್ನದ ಅಕ್ಕಿ ಹಡಗಿನಲ್ಲಿ ಬರಬೇಕು. ಬೇಳೆ, ಸಕ್ಕರೆ, ಔಷಧ, ಸಿಮೆಂಟು, ವಿದ್ಯುತ್ತಿನ ಯಂತ್ರಕ್ಕೆ ಡೀಸೆಲು, ಎಲ್ಲವೂ ಹಡಗಿನಲ್ಲಿಯೇ ಬರಬೇಕು. ನಮಗೆ ಒಂದು ದಾರಿ ಕಟ್ಟಿದರೆ ಗದಗದ ದಾರಿಯುಂಟು, ಬೆಳಗಾವಿಯ ದಾರಿಯುಂಟು, ಕಾರವಾರದ ದಾರಿಯುಂಟು. ದ್ವೀಪದವನಿಗೆ ಇರುವುದು ನೀರಿನ ಒಂದೇ ದಾರಿ.

ಈ ಒಂದೇ ದಾರಿಯನ್ನು ಹಿಡಿದು ಹಿಂದಿನ ಸರಕಾರಗಳು ಆಡಿದ ಆಟವನ್ನು ಅಂಗಡಿಕಾರ ಮಿತ್ರರು ಗಮನವಿಟ್ಟು ಕೇಳಬೇಕು. ದ್ವೀಪದ ಹೆಂಗಸರು ತೆಂಗಿನ ಸಿಪ್ಪೆಯನ್ನು ನೀರಲ್ಲಿ ಕೊಳೆಯಿಸಿ, ಬಡಿದು, ನಾರು ತೆಗೆದು ಹುರಿ ಹೊಸೆಯುತ್ತಿದ್ದರು. ಗಂಡಸರು ಅದನ್ನು ತಮ್ಮ ಓಡಗಳಲ್ಲಿ ಮಂಗಳೂರಿಗೆ ತರುತ್ತಿದ್ದರು. ಆ ಹುರಿಯನ್ನು ಕೊಳ್ಳುವ ಹಕ್ಕು ಸರಕಾರದ್ದೊಂದೇ. ಸರಕಾರ ಗೊತ್ತುಮಾಡಿದ ದರಕ್ಕೆ ಹುರಿ ಕೊಟ್ಟು, ಅದರ ಬದಲಿಗೆ ಅಕ್ಕಿ ಒಯ್ಯಬೇಕು. ಅದೇ ಹುರಿಯನ್ನು ಸರಕಾರ ಪೇಟೆಯ ಧಾರಣೆಗೆ ಮಾರುತ್ತಿತ್ತು. ನಡುವಿನ ಅಂತರವೇ ಕಂದಾಯ. ಹದಿನೆಂಟನೆಯ ಶತಮಾನದಲ್ಲಿ ದ್ವೀಪಗಳ ಒಡೆಯರು ಹಾಕಿದ ಈ ಪದ್ಧತಿಯನ್ನು ಟಿಪ್ಪುವಿನ ಸರಕಾರವೂ ಬಿಡಲಿಲ್ಲ, ಇಂಗ್ಲಿಷರ ಸರಕಾರವೂ ಬಿಡಲಿಲ್ಲ. ಧ್ವಜ ಬದಲಾಯಿತು, ತಕ್ಕಡಿ ಬದಲಾಗಲಿಲ್ಲ.

ಇಲ್ಲಿ ಯಾರ ಸಂಪೂ ಇರಲಿಲ್ಲ. ಆದರೂ ದ್ವೀಪದವನು ಬೆಲೆ ಸಾಲದೆಂದು ಹುರಿ ಕೊಡದೆ ಕೂಡ್ರಬಲ್ಲವನಾಗಿದ್ದನೇ? ಕೂತರೆ ಅಕ್ಕಿ ಇಲ್ಲ. ಹಡಗಿನ ದಾರಿ ಒಂದೇ ಇದ್ದು, ಆ ದಾರಿಯ ಬಾಗಿಲು ಒಬ್ಬನ ಕೈಯಲ್ಲಿದ್ದರೆ, ಹಡಗು ಓಡುತ್ತಿರುವಾಗಲೂ ದ್ವೀಪದವನು ಸೆರೆಯಾಳೇ. ಈ ಮಾತನ್ನು ನೆನಪಿಡಿರಿ. ಸಂಪು ಬಂದಾಗ ಮಾತ್ರ ದ್ವೀಪ ಬಡವಾಗುತ್ತದೆಂದು ಹೇಳುವವರು ಈ ಲೆಕ್ಕವನ್ನು ಮುಚ್ಚಿಡುತ್ತಾರೆ.

ಇನ್ನು ನಿಜವಾದ ಸಂಪಿನ ಮಾತಿಗೆ ಬರೋಣ. ದ್ವೀಪವೊಂದರ ಮೇಲೆ ಹಡಗು ಸಂಪಿನ ಪರಿಣಾಮವೇನೆಂದು ತಿಳಿಯಲು 1949ರ ಹವಾಯಿಯಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಗದು. ಪ್ಯಾಸಿಫಿಕ್ ಸಾಗರದ ನಡುವಿನ ಆ ದ್ವೀಪಗಳಿಂದ ಅಮೆರಿಕೆಯ ದಡ ಸುಮಾರು 3,800 ಕಿಲೋಮೀಟರು ದೂರ. ಅಲ್ಲಿ ಬೆಳೆಯುವುದು ಕಬ್ಬು ಮತ್ತು ಅನಾನಸು. ಉಣ್ಣುವ ಧಾನ್ಯದ ಬಹುಪಾಲು ಹಡಗಿನಿಂದ. ಐದು ದೊಡ್ಡ ಕಂಪನಿಗಳ ಕೈಯಲ್ಲಿ ಇಡೀ ದ್ವೀಪಗಳ ಜೀವ. 'ದೊಡ್ಡ ಐವರು' ಎಂದೇ ಜನ ಅವರನ್ನು ಕರೆಯುತ್ತಿದ್ದರು. ಸಕ್ಕರೆಯ ತೋಟ ಅವರದು, ಸಗಟು ವ್ಯಾಪಾರ ಅವರದು, ಮ್ಯಾಟ್ಸನ್ ಎಂಬ ಹಡಗು ಕಂಪನಿಯಲ್ಲಿಯೂ ಅವರದೇ ಬಂಡವಾಳ.

ಬಂದರಿನ ಹಮಾಲರ ಬೇಡಿಕೆ ಏನಿತ್ತು? ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಚೀಲವನ್ನು ಹಡಗಿಗೆ ಏರಿಸುವವನಿಗೆ ತಾಸಿಗೆ 1 ಡಾಲರು 82 ಸೆಂಟು. ಅದೇ ಹಡಗು ಹೊನೊಲುಲುವಿಗೆ ಬಂದಾಗ ಅದೇ ಚೀಲವನ್ನು ಇಳಿಸುವವನಿಗೆ 1 ಡಾಲರು 40 ಸೆಂಟು. ಚೀಲದ ತೂಕ ಸಮುದ್ರದ ನಡುವೆ ಕಡಿಮೆಯಾಗುತ್ತದೆಯೇ? ದ್ವೀಪದ ಹಮಾಲರು ಪೂರ್ಣ ಸಮಾನತೆಯನ್ನೂ ಕೇಳಲಿಲ್ಲ. ತಾಸಿಗೆ 32 ಸೆಂಟು ಏರಿಸಿರಿ ಎಂದರು. ಮಾಲಿಕರು ಒಪ್ಪಲಿಲ್ಲ. ಮೇ 1ರಂದು ಸುಮಾರು 2,000 ಜನ ಕೆಲಸ ಬಿಟ್ಟರು. ಸಂಪು ಸುಮಾರು ಆರು ತಿಂಗಳು, ಅಕ್ಟೋಬರಿನ ಕೊನೆಯವರೆಗೆ ನಡೆಯಿತು.

ಎರಡು ಸಾವಿರ ಜನ ಕೈಕಟ್ಟಿ ಕೂತುದರಿಂದ ಲಕ್ಷಾಂತರ ಜನರ ದ್ವೀಪಗಳ ಮೇಲೆ ಆದುದೇನು? ಸಕ್ಕರೆ ಗೋದಾಮುಗಳಲ್ಲಿ ರಾಶಿ ಬಿತ್ತು. ಅನಾನಸಿಗೆ ಸಾಗಣೆ ಇಲ್ಲ. ಮರ, ಸಿಮೆಂಟು ಬರದೆ ಮನೆ ಕಟ್ಟುವ ಕೆಲಸ ನಿಂತಿತು. ಗೌಂಡಿ, ಬಡಿಗ ಮನೆಯಲ್ಲಿ ಕೂತರು. ಕೋಳಿಗೆ, ಆಕಳಿಗೆ ಕಾಳುಹಿಂಡಿಯ ತೊಂದರೆ. ನಿರುದ್ಯೋಗ ಏರಿತು. ಸಣ್ಣ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಣ್ಣ ವ್ಯಾಪಾರಿ ದ್ವೀಪದಲ್ಲಿರಲಿ, ದುರ್ಗದಬೈಲಿನಲ್ಲಿರಲಿ, ಅವನ ಸ್ಥಿತಿ ಒಂದೇ. ಮಾಲು ತಂದದ್ದು ಅಡತಿಯವನ ಉದ್ರಿಯಲ್ಲಿ. ಮಾರಿದ್ದು ಗಿರಾಕಿಗೆ ಉದ್ರಿಯಲ್ಲಿ. ಹಡಗು ನಿಂತ ಮೊದಲ ವಾರ ಅವನ ಅಂಗಡಿಯಲ್ಲಿ ಜಾತ್ರೆ. ಇದ್ದ ಮಾಲೆಲ್ಲ ಖರ್ಚು. ಲಾಭವಾಯಿತೆಂದು ಹಿಗ್ಗುತ್ತಾನೆ. ನಾಲ್ಕನೆಯ ವಾರ ಕಪಾಟು ಬರಿದು. ಪಗಾರ ನಿಂತ ಗಿರಾಕಿ ಹಳೆಯ ಬಾಕಿ ಕೊಡಲಾರ. ಆದರೆ ಬಾಡಿಗೆ ನಿಲ್ಲುವುದಿಲ್ಲ, ಬಡ್ಡಿ ನಿಲ್ಲುವುದಿಲ್ಲ. ದೊಡ್ಡ ಸಗಟು ವ್ಯಾಪಾರಿಗೆ ಮಾತ್ರ ಗೋದಾಮು ತುಂಬ ದಾಸ್ತಾನು. ಅವನು ಬಾಗಿಲು ಅರ್ಧ ತೆರೆದು, ಹೇಳಿದ ಬೆಲೆಗೆ ಮಾರುತ್ತಾನೆ. ಸಂಪು ಮುಗಿದು ಹಡಗು ಬಂದಾಗ ಮಾಲು ತರಿಸಲು ಸಣ್ಣವನ ಕೈಯಲ್ಲಿ ಹಣವಿಲ್ಲ. ಅವನ ಅಂಗಡಿ ದೊಡ್ಡವನ ಪಾಲಾಗುತ್ತದೆ. ಕೆಲಸಗಾರನಿಗೆ ಸಂಪು ಗೆದ್ದರೆ ಪಗಾರ ಏರುತ್ತದೆ, ಮಾಲಿಕನು ಸೋತರೂ ಬಾಡಿಗೆಯ ದರ ಏರಿಸಿಕೊಳ್ಳುತ್ತಾನೆ. ನಡುವಿನವನಿಗೆ ಗೆಲುವಿನಲ್ಲಿ ಪಾಲಿಲ್ಲ, ಸೋಲಿನಲ್ಲಿ ಮಾತ್ರ ಪಾಲು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಸುಳ್ಳಲ್ಲ.

ಈ ಬಡವಾದ ಕೂಸಿನ ಅಳುವನ್ನು ಯಾರು ಉಪಯೋಗಿಸಿಕೊಳ್ಳುತ್ತಾರೆ? ಹೊನೊಲುಲುವಿನಲ್ಲಿ ಹೆಂಗಸರ ತಂಡವೊಂದು ಕೈಯಲ್ಲಿ ಕಸಬರಿಗೆ ಹಿಡಿದು ಕಾರ್ಮಿಕ ಸಂಘದ ಕಚೇರಿಯ ಮುಂದೆ ಮೆರವಣಿಗೆ ಮಾಡಿತು. ಪತ್ರಿಕೆಗಳು ಕಮ್ಯುನಿಸ್ಟರ ಒಳಸಂಚೆಂದು ಬೊಬ್ಬೆ ಹಾಕಿದವು. ಆದರೆ ವಿವಾದವನ್ನು ಪಂಚರಿಗೆ ಒಪ್ಪಿಸೋಣ, ಅವರ ತೀರ್ಪಿಗೆ ಬದ್ಧರಾಗುತ್ತೇವೆಂದು ಹೇಳಿದವರು ಹಮಾಲರು, ಬೇಡವೆಂದವರು ಮಾಲಿಕರು. ಕಸಬರಿಗೆ ಮಾಲಿಕರ ಬಾಗಿಲಿಗೆ ಹೋಗಲಿಲ್ಲ. ಆಗಸ್ಟಿನಲ್ಲಿ ಅಲ್ಲಿಯ ಶಾಸನಸಭೆ ವಿಶೇಷ ಅಧಿವೇಶನ ಸೇರಿ ಬಂದರಿನ ಕೆಲಸವನ್ನು ಸರಕಾರವೇ ವಶಪಡಿಸಿಕೊಳ್ಳುವ ಕಾಯದೆ ಮಾಡಿತು. ಕೊಟ್ಟ ಕೂಲಿ ಮಾತ್ರ ಅದೇ ಹಳೆಯ 1 ಡಾಲರು 40 ಸೆಂಟು! ಅಂಥ ಮಾಲನ್ನು ಇಳಿಸಲು ಅಮೆರಿಕೆಯ ದಡದ ಹಮಾಲರು ನಿರಾಕರಿಸಿದರು. ಕೊನೆಗೆ ಎರಡು ಕಂತುಗಳಲ್ಲಿ 21 ಸೆಂಟು ಏರಿಕೆಗೆ ರಾಜಿಯಾಯಿತು. ಮೇ ತಿಂಗಳಲ್ಲಿ ಪಂಚರನ್ನು ಕೂಡಿಸಿದ್ದರೆ ಆರು ತಿಂಗಳ ಉಪವಾಸ ಏತಕ್ಕೆ ಬೇಕಿತ್ತು? ಆ ಆರು ತಿಂಗಳ ಖರ್ಚನ್ನು ದ್ವೀಪದ ಜನ ತೆತ್ತರು, ಐವರ ಹಟಕ್ಕಾಗಿ ತೆತ್ತರು.

ಇದೊಂದೇ ಮಾತು ಹೇಳಿ ಕೈತೊಳೆದುಕೊಂಡರೆ ನಾವು ಅರ್ಧ ಸತ್ಯ ಹೇಳಿದಂತೆ. ನಮ್ಮ ಕಡೆಯ ತಪ್ಪನ್ನೂ ನೋಡಬೇಕು. 1966ರ ಮೇ 16ರಂದು ಬ್ರಿಟನ್ನಿನ ಹಡಗುಗಳ ಖಲಾಸಿಗಳು ವಾರಕ್ಕೆ 40 ತಾಸಿನ ಕೆಲಸ ಬೇಕೆಂದು ಸಂಪು ಹೂಡಿದರು. ನ್ಯಾಯವಾದ ಬೇಡಿಕೆಯೇ. ಆಗ ಅಧಿಕಾರದಲ್ಲಿದ್ದುದು ಕಾರ್ಮಿಕ ಪಕ್ಷದ ಸರಕಾರ. ಅದೇ ಒಂದು ವಾರದಲ್ಲಿ ತುರ್ತು ಪರಿಸ್ಥಿತಿಯನ್ನು ಸಾರಿತು! ಜುಲೈ 1ರವರೆಗೆ ಸಂಪು ನಡೆಯಿತು. ಐರಿಷ್ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ದ್ವೀಪದವರು ಬೇಸಿಗೆಯ ಪ್ರವಾಸಿಗಳಿಂದ ವರುಷದ ಗಂಟು ಕಟ್ಟುವವರು. ಅಲ್ಲಿಯ ಹೆಸರಾದ ಮೋಟಾರ್‌ಸೈಕಲ್ ಪಂದ್ಯವನ್ನು ಜೂನಿನಿಂದ ಆಗಸ್ಟಿನ ಕೊನೆಗೆ ತಳ್ಳಬೇಕಾಯಿತು. ಪಂದ್ಯವನ್ನು ಮುಂದೆ ಹಾಕಬಹುದು. ಖಾನಾವಳಿ ನಡೆಸುವ ವಿಧವೆಯ ಜೂನ್ ತಿಂಗಳ ಬಾಡಿಗೆಯನ್ನು ಮುಂದೆ ಹಾಕಲಾದೀತೇ? ಹಡಗು ಕಂಪನಿಗಳ ವಿರುದ್ಧ ಎತ್ತಿದ ಕೈಯ ಪೆಟ್ಟು ಅಂಥವರ ಮೇಲೆ ಬೀಳುವುದನ್ನು ಕಾರ್ಮಿಕ ಚಳವಳಿ ಮೊದಲೇ ಕಾಣಬೇಕು. ಕಂಡು ವ್ಯವಸ್ಥೆ ಮಾಡದಿದ್ದರೆ ಅವರನ್ನು ನಾವೇ ಮಾಲಿಕರ ಮಡಿಲಿಗೆ ಹಾಕಿದಂತಾಗುತ್ತದೆ.

ಈಗ ನಮ್ಮ ಮನೆಯ ಮಾತು. 1974ರ ಮೇ 8ರಿಂದ 20 ದಿವಸ ದೇಶದ ರೈಲು ಕಾಮಗಾರರು ಸಂಪು ಹೂಡಿದರು. ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು. ಮುಂಬಯಿಯಲ್ಲಿ ಬಂದರು ಕಾರ್ಮಿಕರ ಮುಖಂಡ ಪಿ. ಡಿಮೆಲ್ಲೊ ಅವರ ಕೈಕೆಳಗೆ ಚಳವಳಿ ಕಲಿತವರು. ಸಾವಿರಾರು ಜನ ಸೆರೆಮನೆಗೆ ಹೋದರು, ಸಾವಿರಾರು ಜನ ನೌಕರಿ ಕಳೆದುಕೊಂಡರು. 1880ರ ದಶಕದಿಂದ ರೈಲಿನ ವರ್ಕಶಾಪನ್ನು ನಂಬಿ ಬೆಳೆದ ಊರು ನಮ್ಮದು. ಅಂಥ ಊರಿನಲ್ಲಿ ರೈಲು ನಿಂತಾಗ ನೆಲದ ನಡುವೆ ಇದ್ದೂ ನಾವು ದ್ವೀಪವಾಗುತ್ತೇವೆ. ಅಂದು ನಾವು ಸಣ್ಣ ಹುಡುಗರು. ಓಣಿಯ ಒಬ್ಬ ಕಿರಾಣಿ ಅಂಗಡಿಯವರು ಸಂಪಿನ ಮನೆಗಳಿಗೆ ಉದ್ರಿ ನಿಲ್ಲಿಸಲಿಲ್ಲ. ಇನ್ನೊಬ್ಬರು ನಿಲ್ಲಿಸಿದರು. ನಿಲ್ಲಿಸಿದವರನ್ನು ನಾವು ಬಹಳ ದಿವಸ ಬಯ್ದೆವು. ಅವರಿಗೂ ಅಡತಿಯವನ ಬಾಕಿ ಇತ್ತು, ಅವರ ಮನೆಯಲ್ಲೂ ಒಲೆ ಇತ್ತು ಎಂಬುದು ತಿಳಿದದ್ದು ದೊಡ್ಡವರಾದ ಮೇಲೆ. ಉದ್ರಿ ಕೊಟ್ಟವರ ಒಳ್ಳೆಯತನದ ಮೇಲೆಯೇ ಒಂದು ಚಳವಳಿ ನಿಲ್ಲಬಾರದು, ಬಂಧುಗಳೇ. ಒಬ್ಬ ಒಳ್ಳೆಯವನ ಗಲ್ಲೆ ಎಷ್ಟು ದಿವಸ ತಾಳೀತು?

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಬುದ್ಧಿಗೆ ತೋಚಿದ ನಾಲ್ಕು ಮಾತುಗಳನ್ನು ಮುಂದಿಡುತ್ತೇವೆ.

ಮೊದಲನೆಯದು ದಾಸ್ತಾನು. ಮಳೆಗಾಲದಲ್ಲಿ ಮಂಗಳೂರಿನ ಹಳೆಯ ಬಂದರಿನಿಂದ ದ್ವೀಪಗಳಿಗೆ ಸರಕು ಒಯ್ಯುವ ಸಣ್ಣ ಹಡಗುಗಳು ತಿಂಗಳುಗಟ್ಟಲೆ ಹೊರಡುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲೇ ದ್ವೀಪಗಳಲ್ಲಿ ಅಕ್ಕಿ ಕೂಡಿಹಾಕುತ್ತಾರೆ. ಮುಂಗಾರಿನ ಮೇಲೆ ಯಾರೂ ಕಸಬರಿಗೆ ಹಿಡಿದು ಹೋಗುವುದಿಲ್ಲ. ಮಳೆಗಾಗಿ ಮಾಡಬಹುದಾದ ಸಿದ್ಧತೆಯನ್ನು ಸಂಪಿಗಾಗಿ ಏಕೆ ಮಾಡಬಾರದು? ಸಾರ್ವಜನಿಕ ಉಗ್ರಾಣದಲ್ಲಿ ಮೂರು ತಿಂಗಳ ಧಾನ್ಯವಿದ್ದರೆ ಜನರ ಹಸಿವನ್ನು ಯಾರೂ ಆಯುಧ ಮಾಡಿಕೊಳ್ಳಲಾರರು, ಮಾಲಿಕರೂ ಮಾಡಿಕೊಳ್ಳಲಾರರು, ಕಾಳಸಂತೆಯವರೂ ಮಾಡಿಕೊಳ್ಳಲಾರರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ.

ಎರಡನೆಯದು ನೋಟೀಸಿನ ದಿವಸಗಳು. 1947ರ ಔದ್ಯೋಗಿಕ ವಿವಾದ ಕಾಯದೆಯಂತೆ ಸಾರ್ವಜನಿಕ ಉಪಯುಕ್ತ ಸೇವೆಗಳಲ್ಲಿ ಸಂಪಿಗೆ 14 ದಿವಸ ಮುಂಚೆ ಸೂಚನೆ ಕೊಡಬೇಕಾಗಿತ್ತು. 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆ ಈ ಕಟ್ಟನ್ನು ಎಲ್ಲ ಕೈಗಾರಿಕೆಗಳಿಗೂ ಹಬ್ಬಿಸಿತು. ಕಾಮಗಾರರ ಕೈಕಟ್ಟುವ ಕಲಮು ಇದೆಂದು ನಾವು ಇದನ್ನು ವಿರೋಧಿಸುತ್ತೇವೆ. ಆದರೆ ಆ 14 ದಿವಸಗಳನ್ನು ಇಂದು ಉಪಯೋಗಿಸುವವನು ಯಾರು? ಗೋದಾಮು ತುಂಬಿಕೊಳ್ಳುವ ಸಗಟು ವ್ಯಾಪಾರಿ! ಅದೇ ದಿವಸಗಳಲ್ಲಿ ಕಾರ್ಮಿಕ ಸಂಘದವರು ಸಣ್ಣ ಅಂಗಡಿಕಾರರನ್ನು ಕರೆದು ಕೂಡ್ರಿಸಿ, ನಮ್ಮ ಬೇಡಿಕೆ ಇದು, ನಮ್ಮ ಪಗಾರ ಇಷ್ಟು, ಲೆಕ್ಕ ನೋಡಿರಿ ಎಂದು ಹೇಳಬೇಕು. ಸಂಪು ಪ್ರಾರಂಭವಾದ ಮೇಲೆ ಕೇಳುವ ಬೆಂಬಲ ಭಿಕ್ಷೆ. ಮೊದಲು ಕೇಳಿದರೆ ಅದು ಒಪ್ಪಂದ.

ಮೂರನೆಯದು, ಜೀವದ ಮಾಲು. ಅಕ್ಕಿ, ಔಷಧ, ಹಾಲುಗೂಸಿನ ಪುಡಿ, ರೋಗಿಗಳು, ಬಾಣಂತಿಯರು, ಇವರ ಹಡಗನ್ನು ತಡೆಯಬಾರದು. ತಡೆಯದಿರುವುದು ಮಾತ್ರವಲ್ಲ, ಸಂಪಿನಲ್ಲಿರುವ ಹಮಾಲರೇ ತಮ್ಮ ಸಂಘದ ಬಿಲ್ಲೆ ಧರಿಸಿ ಆ ಮಾಲನ್ನು ಇಳಿಸಬೇಕು. ಸಂಪು ಸಡಿಲವಾದೀತೆಂದು ಕೆಲವು ಗೆಳೆಯರು ಹೆದರುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಸಕ್ಕರೆಯ ಮೂಟೆ ನಿಂತರೆ ಮಾಲಿಕನಿಗೆ ನೋವು. ಅಕ್ಕಿಯ ಮೂಟೆ ನಿಂತರೆ ಅವನಿಗೆ ಉಪಯೋಗ. ಯಾವ ಮೂಟೆಯನ್ನು ನಿಲ್ಲಿಸಬೇಕೆಂಬುದನ್ನು ಕಾರ್ಮಿಕನೇ ಆರಿಸಿಕೊಳ್ಳಬೇಕು.

ನಾಲ್ಕನೆಯದು, ದಾರಿಯ ಒಡೆತನ. ಲಕ್ಷದ್ವೀಪದ ಪ್ರಯಾಣಿಕರ ಹಡಗುಗಳು ಸರಕಾರದವು. ಅಷ್ಟರಿಂದಲೇ ಎಲ್ಲ ಸರಿಯಾಗಿಲ್ಲ. ಹಡಗುಗಳು ದುರಸ್ತಿಗೆ ಹೋದಾಗ ಟಿಕೇಟು ಸಿಗದೆ ದ್ವೀಪದವರು ಕೊಚ್ಚಿಯಲ್ಲಿ ದಿವಸಗಟ್ಟಲೆ ಕಾಯುವ ದೂರುಗಳನ್ನು ಪತ್ರಿಕೆಗಳಲ್ಲಿ ಓದುತ್ತೇವೆ. 2021ರಲ್ಲಿ ದ್ವೀಪಗಳ ಸರಕು ಸಾಗಣೆಯನ್ನು ಕೇರಳದ ಬೇಪೂರಿನಿಂದ ಮಂಗಳೂರಿಗೆ ತಿರುಗಿಸುವ ಮಾತೆದ್ದಾಗ ದೊಡ್ಡ ಗದ್ದಲವಾಯಿತು. ಮಂಗಳೂರಿಗೆ ವ್ಯಾಪಾರ ಬಂದರೆ ಕನ್ನಡಿಗರಾದ ನಮಗೆ ಸಂತೋಷವೇ. ಆದರೆ ದ್ವೀಪದವರನ್ನು ಕೇಳದೆ ಅವರ ದಾರಿ ತಿರುಗಿಸಿದರೆ ಅದು ಹಳೆಯ ಹುರಿಯ ತಕ್ಕಡಿಯೇ ಆಗುತ್ತದೆ. ಹಡಗಿನ ಲೆಕ್ಕಪುಸ್ತಕ ತೆರೆದಿರಬೇಕು. ಬಾಡಿಗೆಯ ದರ ಕಟ್ಟುವಲ್ಲಿ ದ್ವೀಪದವನಿಗೂ ಖಲಾಸಿಗೂ ಹಮಾಲನಿಗೂ ಕುರ್ಚಿಯಿರಬೇಕು. ಕುರ್ಚಿಯಿದ್ದಲ್ಲಿ ಸಂಪು ಕಡಿಮೆ. ಸಂಪಾದರೂ ಅದು ಬೇಗನೆ ಮುಗಿಯುತ್ತದೆ.

ಮಿತ್ರರೇ, ಈ ಸಭೆಯಲ್ಲಿ ಒಂದು ಬದಿಗೆ ಗಿರಣಿಯವರು ಕುಳಿತಿದ್ದೀರಿ, ಇನ್ನೊಂದು ಬದಿಗೆ ಅಂಗಡಿಯವರು. ನಡುವೆ ಓಡಾಡಲು ದಾರಿ ಬಿಟ್ಟಿದ್ದಾರೆ. ಮುಂದಿನ ಸಂಪು ರೈಲಿನದಾಗಲಿ, ಲಾರಿಯದಾಗಲಿ, ಬಸ್ಸಿನದಾಗಲಿ, ಆ ದಿವಸ ಈ ದಾರಿಯೇ ಸಮುದ್ರವಾಗಿಬಿಡುತ್ತದೆ. ಆಗ ನೀವಿಬ್ಬರೂ ಎರಡು ದ್ವೀಪಗಳು. ಒಬ್ಬರಿಗೆ ಪಗಾರವಿಲ್ಲ, ಒಬ್ಬರಿಗೆ ಗಿರಾಕಿಯಿಲ್ಲ. ಪರಸ್ಪರ ಬೈದುಕೊಳ್ಳುವುದಕ್ಕೆ ಮಾತ್ರ ಬೇಕಾದಷ್ಟು ಸಮಯ. ಅದನ್ನು ತಪ್ಪಿಸುವ ಕೆಲಸ ಇಂದಿನಿಂದಲೇ ಆಗಬೇಕು. ಎರಡೂ ಕಡೆಯಿಂದ ಐದೈದು ಜನರ ಒಂದು ಸಮಿತಿ ಮಾಡಿಕೊಂಡು, ಸಂಪಿನ ಕಾಲಕ್ಕೆ ಉದ್ರಿಯ ನಿಧಿಯೊಂದನ್ನು ಕಟ್ಟಿರಿ. ತಿಂಗಳಿಗೆ ಇಷ್ಟೆಂದು ಕಾಮಗಾರರು ಹಾಕಲಿ, ಇಷ್ಟೆಂದು ಅಂಗಡಿಕಾರರು ಹಾಕಲಿ. ಲೆಕ್ಕ ಇಬ್ಬರ ಕೈಯಲ್ಲಿಯೂ ಇರಲಿ.

ಸಭೆ ಮುಗಿಯುವ ಮೊದಲು ಆ ಹತ್ತು ಹೆಸರುಗಳನ್ನು ಬರೆದು ಅಧ್ಯಕ್ಷರ ಕೈಗೆ ಕೊಡಬೇಕೆಂದು ಕೇಳಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.